ತೊಟ್ಟಿಯೊಳಗಿನ ಮೆಟ್ಟಿಲು

ತೊಟ್ಟಿ ಕಣ್ಣಿಗೆ ಬೀಳುವ ಮೊದಲೇ ಅದರ ನಾತ ಮೂಗಿಗೆ ಹೊಡೆಯಿತು. ಒತಿಲಿಯಾ ಕುತ್ತಿಗೆಯ ವಸ್ತ್ರವನ್ನು ಮೂಗಿಗೆ ಬಿಗಿದುಕೊಂಡು ಕಪ್ಪು ಲಾವಾ ಬಂಡೆಗಳನ್ನು ಹತ್ತಿದಳು. ಸೊನೋರಾದ ಆ ಮರಳುಗಾಡಿನ ರಕ್ಷಿತ ವನದಲ್ಲಿ ನೀರು, ಗಿಡ, ಮೃಗಗಳ ಸ್ಥಿತಿ ನೋಡಿ ಬರುವುದು ಅವಳ ಕೆಲಸ. ಬಂಡೆಯ ಕುಳಿಗಳೆಲ್ಲ ಬತ್ತಿದ್ದರಿಂದ ಆ ವರ್ಷ ಕಾಡುಕುರಿಗಳಿಗೆ ಕುಡಿಯಲು ಇದ್ದದ್ದು ಈ ಆಳದ ತೊಟ್ಟಿಯೊಂದೇ.

ಅದರಲ್ಲಿ ಒಂದು ಟಗರು ಸತ್ತು ತೇಲುತ್ತಿತ್ತು. ಹೊಟ್ಟೆ ನಗಾರಿಯಂತೆ ಊದಿತ್ತು. ಕೂದಲು ಕಿತ್ತುಬಂದು ನೀರಿನ ಮೇಲೆ ಕೆನೆಯ ಹಾಗೆ ಹರಡಿತ್ತು. ಕಣ್ಣಿದ್ದ ಜಾಗದಲ್ಲಿ ಹುಳುಗಳು ಗಿಜಿಗುಟ್ಟುತ್ತಿದ್ದವು. ಸುರುಳಿ ಸುತ್ತಿದ ದೊಡ್ಡ ಕೊಂಬುಗಳು ಮಾತ್ರ ಏನೂ ಕೆಡದೆ ನೀರಿನಿಂದ ಮೇಲಕ್ಕೆ ಎದ್ದಿದ್ದವು.

"ಸ್ನಾನಕ್ಕೆ ಇಳಿದೋನು ಮೇಲೆ ಬರೋದೇ ಮರೆತಿದಾನೆ ನೋಡಿ ಅಕ್ಕ," ಎಂದ ಹಿಂದೆ ಬಂದ ನಾಬೋರ್. "ಪಾದ್ರಿಗಳಿಗೆ ಹೇಳಿ, ಜ್ಞಾನಸ್ನಾನ ಆಯ್ತು ಅಂತ ಬರ್ಕೊಳ್ಳಲಿ."

ಅವಳು ನಗಲಿಲ್ಲ. ನಾಬೋರ್ ಅವಳ ತಂಗಿ ಲುಸಿಲಾಳ ಗಂಡ. ಟ್ಯಾಂಕರಿನಲ್ಲಿ ನೀರು ತಂದು ತೊಟ್ಟಿ ತುಂಬುವ ಕೆಲಸವನ್ನು ಅವಳೇ ಅವನಿಗೆ ಕೊಡಿಸಿದ್ದಳು. ಲುಸಿಲಾ ಹೋದ ವರ್ಷ ತೀರಿಕೊಂಡಿದ್ದಳು. ತಂಗಿಯ ಕಡೆಯಿಂದ ಉಳಿದವನು ಇವನೊಬ್ಬ ಎಂದು ಒತಿಲಿಯಾ ಅವನ ಹಗುರ ಮಾತುಗಳನ್ನೆಲ್ಲ ನುಂಗಿಕೊಂಡು ಬಂದಿದ್ದಳು.

ಸಂಜೆಯೊಳಗೆ ಹೆಣ ಎತ್ತಿ ನೀರು ಚೆಲ್ಲಿ ಹೊಸ ನೀರು ತುಂಬಬೇಕಿತ್ತು. ಹೊತ್ತು ಇಳಿದರೆ ಮರಿಗಳನ್ನು ಕಟ್ಟಿಕೊಂಡು ಹಿಂಡು ಬರುತ್ತದೆ. ಹೆಣ ಕೊಳೆತ ನೀರು ಕುಡಿದ ಕುರಿ ಕತ್ತು ಎತ್ತಲಾರದೆ ಸಾಯುತ್ತದೆ. ಒಂದು ಸತ್ತರೆ ಹಿಂಡೇ ಸಾಯುವ ಬಗೆ ಅದು.

ತೊಟ್ಟಿಗೆ ಬಗ್ಗಿ ನೋಡಿದವಳಿಗೆ ಒಳಗೆ ಮೆಟ್ಟಿಲು ಕಾಣಲಿಲ್ಲ. ಜಾರಿ ಬಿದ್ದ ಮೃಗ ಹತ್ತಿ ಬರಲೆಂದು ತಳದಿಂದ ಅಂಚಿನವರೆಗೆ ಕಲ್ಲು ಪೇರಿಸಿಡುವುದು ಈ ಕೆಲಸದ ಮೊದಲ ಪಾಠ. ಇಲ್ಲಿ ಪೇರಿಸಿದವಳು ಅವಳೇ. ಯಾರೋ ಪ್ರವಾಸಿಗರ ಪೋಕರಿತನವಿರಬೇಕೆಂದುಕೊಂಡಳು. ಆದರೆ ಕಲ್ಲುಗಳು ಅಲ್ಲೇ ಪೊದೆಯ ಹಿಂದೆ ಇದ್ದವು. ಪೋಕರಿಗಳು ಎಸೆದ ಹಾಗಿರಲಿಲ್ಲ. ಮತ್ತೆ ಬೇಕಾಗುತ್ತವೆ ಎನ್ನುವ ಹಾಗೆ ಒಪ್ಪವಾಗಿ ಜೋಡಿಸಿಟ್ಟಂತಿದ್ದವು.

ಹಗ್ಗ ತರುತ್ತೇನೆಂದು ಅವಳು ಅವನ ಟ್ಯಾಂಕರ್ ಗಾಡಿಯ ಕಡೆ ಹೊರಟಾಗ ನಾಬೋರ್ ತಾನು ತರುತ್ತೇನೆಂದು ಅವಸರಪಟ್ಟ. ಅಷ್ಟರಲ್ಲಿ ಅವಳು ಬಾಗಿಲು ತೆಗೆದಾಗಿತ್ತು. ಸೀಟಿನ ಕೆಳಗೆ, ಹಗ್ಗದ ಪಕ್ಕ, ಹೊಸ ಗರಗಸವಿತ್ತು. ಅದರ ಪಕ್ಕ ಒಂದು ಮೂಟೆ ಕಲ್ಲುಪ್ಪು.

ಉಪ್ಪು ಯಾತಕ್ಕೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕಡಿದ ತಲೆಯ ಚರ್ಮ, ಗೋಡೆಗೆ ತೂಗುಹಾಕಲು ದುಡ್ಡು ಕೊಟ್ಟು ಕೊಳ್ಳುವವನ ಕೈ ಸೇರುವತನಕ ಕೊಳೆಯಬಾರದೆಂದು ಬೇಟೆಗಾರರು ಉಜ್ಜುವುದು ಅದನ್ನೇ. ಟಗರು ಸತ್ತಿದೆಯೆಂದು ಊರಿನಿಂದ ಹೊರಡುವಾಗ ಇವನಿಗೆ ತಿಳಿದದ್ದು ಹೇಗೆ? ಅವನು ಮೆಟ್ಟಿಲು ಕಿತ್ತ ಮೇಲೆ ಈ ಗಾಡಿ ಕೆಟ್ಟು ಒಂದು ವಾರ ರಿಪೇರಿಯಲ್ಲಿತ್ತು. ಅದಕ್ಕೇ ಅವನಿಗೆ ತಡವಾಗಿತ್ತು, ಅದಕ್ಕೇ ಟಗರು ಕೊಳೆತಿತ್ತು.

ಬಂಡೆಗೆ ಕೈಕೊಟ್ಟು ವಾಂತಿ ಮಾಡಿದಳು. ಬಾಯಿ ಒರೆಸಿಕೊಂಡು, ಗರಗಸ ಹಿಡಿದು ವಾಪಸು ಬಂದಳು.

ನಾಬೋರ್ ಮೊದಲು ನಕ್ಕ. ಆಮೇಲೆ ದಾರಿಯಲ್ಲಿ ಸಿಕ್ಕಿತು ಎಂದ. ಕೊನೆಗೆ ನೆಲ ನೋಡುತ್ತ ಹೇಳಿದ: "ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ನನ್ನ ಪ್ರಾಣ ತಿಂದೋರು ನೀವೇ ಅಕ್ಕ. ಸತ್ತವರ ಹಬ್ಬ ಬರ್ತಿದೆ, ಲುಸಿಲಾ ಸಮಾಧಿಗೆ ಇನ್ನೂ ಮರದ ಶಿಲುಬೆನೇ ಅಂತ. ಅಮೃತಶಿಲೆ ನಾನು ಎಲ್ಲಿಂದ ತರ್ಲಿ?"

ಅವಳು ಹಾಗೆ ಕೇಳಿದ್ದು ನಿಜ. ಅದು ನಿಜವಾದ್ದರಿಂದಲೇ ಅವಳಿಗೆ ಮತ್ತಷ್ಟು ಹೇಸಿಗೆಯಾಯಿತು. ತೊಟ್ಟಿಯ ಗೋಡೆ ಗೀರಿ ಗೀರಿ ಗೊರಸು ಸವೆದ ಪ್ರಾಣಿ ಒಂದು ಕಡೆ. ಅದರ ತಲೆ ಮಾರಿದ ದುಡ್ಡಿನಲ್ಲಿ ಅಮೃತಶಿಲೆಯ ಮೇಲೆ ಲುಸಿಲಾಳ ಹೆಸರು ಕೊರೆಸಲು ಹೊರಟವನು ಒಂದು ಕಡೆ. ಬದುಕಿದ್ದಾಗ ಕೋಳಿ ಕುಯ್ಯುವುದನ್ನೂ ನೋಡಲಾರದೆ ಒಳಗೆ ಹೋಗುತ್ತಿದ್ದವಳು ಲುಸಿಲಾ.

"ಅವಳ ಹೆಸರು ಬಾಯಲ್ಲಿ ತರ್ಬೇಡ," ಎಂದಳು. "ಹಗ್ಗ ಹಿಡಿ."

ಇಬ್ಬರೂ ಎಳೆದರು. ಒಂದು ಕಾಲು ಹಗ್ಗದ ಸಮೇತ ಕಿತ್ತು ಬಂತು. ಮೈಯನ್ನು ದೂರದ ಮರಳಿನಲ್ಲಿ ಆಳವಾಗಿ ಹೂತರು. ಹೂಳುವ ಮುನ್ನ ಗರಗಸ ಹಿಡಿದು ತಲೆಯನ್ನು ಬೇರೆ ಮಾಡಿದವಳು ಒತಿಲಿಯಾ. ನಾಬೋರನ ಮುಖ ಒಂದು ಗಳಿಗೆ ಅರಳಿತು. ಅವಳು ಗಾಡಿಯ ಹಿಂದಿದ್ದ ಮುರುಕು ಹಲಗೆಗಳನ್ನು ತರಿಸಿ, ತಲೆಯನ್ನು ಮೇಲಿಟ್ಟು, ಡೀಸೆಲ್ ಸುರಿದು ಬೆಂಕಿ ಕೊಟ್ಟಳು. ಕಾಡುಟಗರಿನ ಕೊಂಬನ್ನು ಮನೆಗೆ ಒಯ್ದರೆ ಬಿರುಗಾಳಿ ಬೆನ್ನು ಹತ್ತುತ್ತದೆ, ಸುಟ್ಟು ಅದರ ಬೆಟ್ಟದಲ್ಲೇ ಬಿಡಬೇಕು ಎಂದು ಆ ಮರಳುಗಾಡಿನ ಮೂಲನಿವಾಸಿ ಓಓಧಮ್ ಕುಲದ ಅವಳ ಅಜ್ಜಿ ಹೇಳುತ್ತಿದ್ದಳು.

"ಹಾಳ್ಮಾಡಿದ್ರಲ್ಲ," ಎಂದ ನಾಬೋರ್.

ಕೊಂಬು ಚಟಚಟನೆ ಸಿಡಿದು, ಸುಟ್ಟ ಕೂದಲಿನ ನಾತ ಕಣಿವೆ ತುಂಬಿತು. ಅವಳು ತೊಟ್ಟಿಯನ್ನು ಬಳಿದು, ಉಜ್ಜಿ, ಒಳಗಿಳಿದು ಕಲ್ಲಿನ ಮೇಲೆ ಕಲ್ಲಿಟ್ಟು ಮೆಟ್ಟಿಲು ಕಟ್ಟಿದಳು. ಅವನು ಹೊಸ ನೀರು ಬಿಟ್ಟ. ಬಿಸಿಲಿಗೆ ಅವಳ ನಾಲಿಗೆ ಒಣಗಿದ್ದನ್ನು ಕಂಡು ತನ್ನ ನೀರಿನ ಡಬ್ಬಿ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

"ಕಚೇರೀಲಿ ನೀನೇ ಹೇಳ್ತೀಯ. ಹೇಳ್ದೇ ಇದ್ರೆ ನಾನು ಹೇಳ್ತೀನಿ," ಎಂದಳು. "ಮರದ ಶಿಲುಬೆ ಸಾಕು ಅವಳಿಗೆ. ಹಬ್ಬದ ದಿನ ನಾನೇ ಬಣ್ಣ ಹಚ್ತೀನಿ. ನೀನು ಅಲ್ಲಿಗೆ ಬರ್ಬೇಡ."

ಗಾಡಿಯಲ್ಲಿ ಅವನ ಪಕ್ಕ ಕೂರಲು ಮನಸ್ಸಾಗದೆ ಅವಳು ಹಿಂದೆ, ಹಗ್ಗದ ಜೊತೆ ಕುಳಿತಳು. ಹಗ್ಗ ನಾರುತ್ತಿತ್ತು. ಆ ನಾತವನ್ನಾದರೂ ಅವಳು ಸಹಿಸಬಲ್ಲವಳಾಗಿದ್ದಳು.