ಅರಕ್ಕೆ ಜಗ್ಗದ ಅಲಗು

ಇಟ್ಟಿಗೆ ಗೂಡಿನ ಯಜಮಾನನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಅಂದು ಅದು ಮಣ್ಣು ಕಲಸುವ ಯಂತ್ರದ ಮೇಲೆ ತಿರುಗಿತ್ತು. ಯಂತ್ರದ ಉಕ್ಕಿನ ಅಲಗುಗಳು ಮರಳುಮಣ್ಣಿಗೆ ಉಜ್ಜಿ ಉಜ್ಜಿ ಮತ್ತೆ ಸವೆದಿದ್ದವು. ಮಣ್ಣಿನಲ್ಲಿ ಗಂಟು ಉಳಿದು, ಸುಟ್ಟ ಇಟ್ಟಿಗೆಯೆಲ್ಲ ಬಿರುಕು.

"ಮಾರಿಬಿಡ್ತೀನಿ ಈ ಪೀಡೇನ. ಮೊದಲಿನ ಹಾಗೆ ಗುಂಡೀಲಿ ತುಳಿದು ಕಲಸಿದ್ರಾಯ್ತು."

"ತುಳಿಯೋರು ಯಾರು?" ಹೆಂಡತಿ ಮೊಣಕಾಲು ನೀವಿಕೊಳ್ಳುತ್ತ ಕೇಳಿದಳು.

ವರ್ಷಗಟ್ಟಲೆ ಆ ಗುಂಡಿಯಲ್ಲಿ ತುಳಿದ ಅವಳಿಗೆ ಈಗ ಮೆಟ್ಟಿಲು ಹತ್ತುವುದೂ ಕಷ್ಟ. ಅವಳ ಕಾಲು ನೆನೆಸಿಕೊಂಡರೆ ಯಜಮಾನನಿಗೂ ಸಂಕಟವೇ, ಆದರೆ ಬೇರೆ ದಾರಿ ಕಾಣದು.

ದಾರಿ ತೋರಿಸಿದವಳು ಹೆಂಡತಿಯ ತಂಗಿ. ವೆಲ್ಡಿಂಗ್ ಕಾರ್ಖಾನೆಯಲ್ಲಿ ಅವಳದು ಪಳಗಿದ ಕೈ.

"ಭಾವ, ಹೊಸ ಅಲಗು ತಂದ ಕೂಡಲೇ ಹಾಕ್ಬೇಡಿ. ನಂಗೆ ಕೊಡಿ. ಅಂಚಿಗೆ ಗಟ್ಟಿ ಲೋಹದ ಪದರ ಕೂರಿಸ್ಕೊಡ್ತೀನಿ."

"ಬಣ್ಣ ಬಳಿದ ಹಾಗಾ? ನಾಲ್ಕು ದಿನಕ್ಕೆ ಕಿತ್ತು ಬರುತ್ತೆ ಬಿಡು."

"ಬಣ್ಣ ಅಲ್ಲ ಭಾವ. ಪ್ಲಾಸ್ಮಾ ಆರ್ಕ್ ಅಂತ, ವಿದ್ಯುತ್ತಿನ ಉರಿ. ಕೊಳವೆಯ ಸಣ್ಣ ಬಾಯಿಂದ ಒತ್ತಿ ಬರುತ್ತೆ. ಲೋಹದ ಪುಡಿ ಅದರಲ್ಲಿ ಕರಗಿ ಉಕ್ಕಿನ ಮೈಗೇ ಬೆಸೆದುಕೊಳ್ಳುತ್ತೆ. ಬೇಕಾದ ಕಡೆ ಮಾತ್ರ, ತೆಳ್ಳಗೆ."

"ತೆಳ್ಳಗಾ? ಹಾಗಾದ್ರೆ ನಮ್ಮ ಮಣ್ಣಿಗೆ ಒಂದೇ ತುತ್ತು!"

ಆದರೂ ಹೆಂಡತಿಯ ಮುಖ ನೋಡಿ ಒಂದು ಜೊತೆ ಅಲಗು ಕೊಟ್ಟ.

ಯಜಮಾನನಿಗೊಂದು ಚಾಳಿ. ಹೊಸ ಅಲಗು ಬಂದರೆ, ಅರ ಹಿಡಿದು ಅಂಚು ನುಣುಪಾಗುವವರೆಗೆ ಉಜ್ಜದೆ ಯಂತ್ರಕ್ಕೆ ಹಾಕುವವನಲ್ಲ. ನಾದಿನಿ ಪದರ ಕೂರಿಸಿ ತಂದ ಅಂಚು ಕೊಂಚ ಒರಟಾಗಿತ್ತು. "ಕೆಲಸ ಅರ್ಧಕ್ಕೇ ಬಿಟ್ಟಿದ್ದಾಳೆ" ಎಂದು ಗೊಣಗುತ್ತ ಉಜ್ಜಲು ಕೂತ. ಅರ ಗಾಜಿನ ಮೇಲೆ ಜಾರಿದಂತೆ ಜಾರಿತು. ಇನ್ನಷ್ಟು ಒತ್ತಿದ. ಬೆವರು ಬಂತೇ ಹೊರತು ಗೀರು ಬೀಳಲಿಲ್ಲ. ಅರ ತಿರುಗಿಸಿ ನೋಡಿದರೆ ಅದರ ಹಲ್ಲೇ ಮೊಂಡಾಗಿದೆ!

"ಯಾರು ಯಾರನ್ನ ಉಜ್ಜಿದ್ರು ಭಾವ?" ನಾದಿನಿ ಬಿದ್ದು ಬಿದ್ದು ನಕ್ಕಳು.

"ಅರ ಸೋತ್ರೆ ಆಯ್ತಾ? ಮಣ್ಣು ಒಪ್ಪಲಿ, ನಾನೂ ಒಪ್ತೀನಿ."

ಯಂತ್ರದ ಒಂದು ಕಡೆ ಮಾಮೂಲಿ ಅಲಗು, ಇನ್ನೊಂದು ಕಡೆ ಪದರದ ಅಲಗು ಹಾಕಿದರು. ಮಾಮೂಲಿಯದು ಸವೆದು ಹೋದ ದಿನ ಬಿಚ್ಚಿ ನೋಡಿದರು. ಪದರದ ಅಂಚು ಹೆಚ್ಚುಕಡಿಮೆ ಹಾಕಿದಂತೆಯೇ ಇತ್ತು. ಯಜಮಾನ ಅದರ ಮೇಲೆ ಹೆಬ್ಬೆರಳು ಆಡಿಸಿದ, ಮತ್ತೆ ಆಡಿಸಿದ.

"ಶಭಾಷ್ ಕಣಮ್ಮ! ನಿನ್ನ ಕೈಗೆ ಬಂಗಾರದ ಕಡಗ ಹಾಕ್ಬೇಕು."

"ಕಡಗ ಆಮೇಲೆ. ಮೊದಲು ಮಣ್ಣಲ್ಲಿರೋ ಕಲ್ಲು ಆರಿಸಿ. ಉಜ್ಜಾಟಕ್ಕೆ ಇದು ಜಗ್ಗಲ್ಲ, ಜೋರು ಏಟು ಬಿದ್ರೆ ಮಾತ್ರ ಚಕ್ಕೆ ಏಳಬಹುದು."

ಉಳಿದ ಅಲಗುಗಳಿಗೂ ಪದರ ಬಂತು. ಮುಂದಿನ ಗೂಡಿನ ಇಟ್ಟಿಗೆಗಳಲ್ಲಿ ಬಿರುಕಿಲ್ಲ, ತಟ್ಟಿದರೆ ಟಣ್ ಎಂದವು. ಹೆಂಡತಿ ಬಿರುಕು ಬಿಟ್ಟ ಹಳೆಯ ಇಟ್ಟಿಗೆಗಳನ್ನು ಬುಟ್ಟಿಗೆ ತುಂಬಿ, ತುಳಿಯುವ ಗುಂಡಿಗೆ ಸುರಿಯತೊಡಗಿದಳು. ಯಜಮಾನ ಓಡಿಬಂದು ಬುಟ್ಟಿ ಕಸಿದುಕೊಂಡ.

"ನೀನು ಕೂತ್ಕೋ. ಈ ಗುಂಡಿ ನಾನೇ ಮುಚ್ತೀನಿ."

ನಿಮ್ಮಲ್ಲೂ ಮಣ್ಣಿಗೋ ಮರಳಿಗೋ ಉಜ್ಜಿ ಸವೆಯುವ ಉಕ್ಕಿನ ಅಲಗು ಇದೆಯೇ? ಎಸೆಯುವ ಹಂತಕ್ಕೆ ಬರುವ ಮೊದಲೇ ಈ ಕೆಲಸ ಬಲ್ಲವರಿಗೆ ತೋರಿಸಿ. ಅದನ್ನು ಕೆಡಿಸುತ್ತಿರುವುದು ಉಜ್ಜಾಟವೋ ಏಟೋ ಎಂದು ಬಿಡಿಸಿ ಹೇಳಿ, ಪದರ ಆರಿಸುವುದು ಅದನ್ನು ನೋಡಿಕೊಂಡೇ. ಕೂರಿಸಿದ ಪದರಕ್ಕೆ ಅರ ಹಚ್ಚಬೇಡಿ. ತಡವನ್ನೂ ಮಾಡಬೇಡಿ. ನಿಮ್ಮ ಮನೆಯಲ್ಲೂ ಯಾರದೋ ಮೊಣಕಾಲು ಅದಕ್ಕಾಗಿ ಕಾಯುತ್ತಿರಬಹುದು.