ಹಸಿರು ತಂಡಕ್ಕೆ ನೀನೇ ಹೋಗು

ಅಕ್ಷಯಾ ಮಂಗಳೂರಿನವಳು. ಪರದೇಶದ ಐಂಡ್‌ಹೋವನ್‌ಗೆ ಬಂದದ್ದು ಚಿಪ್ ಡಿಸೈನ್ ಓದಲಿಕ್ಕೆ ಅಂತ ಕಾಗದಪತ್ರದಲ್ಲೆಲ್ಲ ಇತ್ತು. ಸೂಟ್‌ಕೇಸಿನ ತಳದಲ್ಲಿ ಮಾತ್ರ ಎರಡು ಜೊತೆ ಫುಟ್‌ಬಾಲ್ ಶೂ ಇದ್ದವು. "ಉಪ್ಪಿನಕಾಯಿ ಡಬ್ಬಿಗೆ ಜಾಗ ಇಲ್ಲ, ಈ ಮಣ್ಣು ಮೆತ್ತಿದ ಶೂಗೆ ಜಾಗ ಉಂಟಾ?" ಎಂದು ಅಮ್ಮ ಪುಷ್ಪಾವತಿ ಕೇಳಿದ್ದರು. ಮಗಳು ಉಂಟು ಎಂದಳು, ಉಪ್ಪಿನಕಾಯಿ ಮನೆಯಲ್ಲೇ ಉಳಿಯಿತು.

ಫುಟ್‌ಬಾಲಿನ ವಿಷಯದಲ್ಲಿ ಅವಳಿಗೊಂದು ಹಳೇ ನೋವಿತ್ತು. ಊರಿನ ಕಾಲೇಜು ತಂಡದಲ್ಲಿದ್ದಾಗ ಒಂದು ಟೂರ್ನಿಯಲ್ಲಿ ಹನ್ನೊಂದು ಗೋಲು ಹೊಡೆದಿದ್ದಳು. ತಂಡ ಸೆಮಿಫೈನಲಿನಲ್ಲಿ ಸೋತಿತು. ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ ಹೋದದ್ದು ಗೆದ್ದ ಕಾಲೇಜಿನ ಹುಡುಗಿಗೆ, ಇಡೀ ಟೂರ್ನಿಯಲ್ಲಿ ಎರಡೇ ಗೋಲು ಹೊಡೆದವಳಿಗೆ. ರಾಜ್ಯ ಶಿಬಿರಕ್ಕೂ ಅವಳನ್ನೇ ಕರೆದರು. ಏನು ಮಾಡುತ್ತೀರಿ, ಗೆದ್ದೆತ್ತಿನ ಬಾಲ ಹಿಡಿಯಲಿಕ್ಕೆ ನೂರು ಕೈ ಮುಂದೆ ಬರುತ್ತವೆ. ಹನ್ನೊಂದು ಗೋಲು ಹೊಡೆದವಳು ಬಸ್ಸು ಹತ್ತಿ ಮನೆಗೆ ಹೋದಳು.

ಈ ಕತೆಯನ್ನು ಅವಳು ಯಾರಿಗೂ ಹೇಳಿಕೊಂಡವಳಲ್ಲ. ಹೇಳಿದ್ದು ಹಿತಾಳಿಗೆ ಮಾತ್ರ. ಹಿತಾ ಮೈಸೂರಿನವಳು, ಡೇಟಾ ಸೈನ್ಸ್ ಓದುತ್ತಿದ್ದಳು, ಅಕ್ಷಯಾ ಸೇರಿದ್ದ ವಿದ್ಯಾರ್ಥಿನಿಯರ ಫುಟ್‌ಬಾಲ್ ಕ್ಲಬ್ಬಿನಲ್ಲಿ ಆಡುತ್ತಿದ್ದಳು. ಇಬ್ಬರೂ ಸೇರಿ ಎರಡು ಕೋಣೆಯ ಮನೆ ಮಾಡಿದ್ದರು. 2020ರ ಡಿಸೆಂಬರಿನಲ್ಲಿ ಅಕ್ಷಯಾಳಿಗೆ ಕೊರೊನಾ ಬಂದಾಗ ಹಿತಾ ಹತ್ತು ದಿನ ಬಾಗಿಲ ಹೊರಗೆ ಸಾರು ಅನ್ನ ಇಟ್ಟು, ಗೋಡೆಯ ಆಚೆಯಿಂದ ಹರಟೆ ಹೊಡೆದಿದ್ದಳು. ಆ ಹರಟೆಯಲ್ಲೇ ಹನ್ನೊಂದು ಗೋಲಿನ ಕತೆ ಹೊರಬಿದ್ದದ್ದು. "ಎಂಥ ಅನ್ಯಾಯ ಕಣೇ" ಎಂದು ಹಿತಾ ಗೋಡೆಯಾಚೆಯಿಂದ ಮರುಗಿದಳು. ಮತ್ತೆ ಮತ್ತೆ ಕೇಳಿದಳು: ಆ ಹುಡುಗಿಯ ಗೋಲೆಷ್ಟು, ಯಾರು ಆಯ್ಕೆ ಮಾಡಿದ್ದು, ಪ್ರತಿ ವರ್ಷ ಹಾಗೇ ಆಗುತ್ತಿತ್ತಾ. ಜ್ವರದಲ್ಲಿದ್ದ ಅಕ್ಷಯಾಳಿಗೆ ಇಷ್ಟೊಂದು ಕಾಳಜಿ ಮಾಡುವ ಗೆಳತಿ ಸಿಕ್ಕಿದಳಲ್ಲ ಎಂದು ಕಣ್ಣು ತುಂಬಿ ಬಂತು.

ಮಾರ್ಚ್ ಬಂತು. ಇಪ್ಪತ್ತೇಳು ವರ್ಷದ ಒಳಗಿನವರು ಹೊರಗೆ ಮೈದಾನದಲ್ಲಿ ಆಡಬಹುದು, ಆದರೆ ಬೇರೆ ಕ್ಲಬ್ಬಿನವರ ಜೊತೆ ಪಂದ್ಯ ಇಲ್ಲ, ತಮ್ಮತಮ್ಮಲ್ಲೇ ಆಡಿಕೊಳ್ಳಿ ಎಂದಿತು ಸರಕಾರ. ಕೋಚ್ ಮಾರ್ಗೊ ಗಟ್ಟಿ ಹೆಂಗಸು. ಇರುವ ನಲವತ್ತೆಂಟು ಹುಡುಗಿಯರನ್ನೇ ಹಳದಿ, ನೀಲಿ, ಕೆಂಪು, ಹಸಿರು ಎಂದು ನಾಲ್ಕು ತಂಡ ಮಾಡಿ ಕಳೆದ ವರ್ಷ ಕೊರೊನಾಕ್ಕೆ ನಿಂತಿದ್ದ ಕ್ಲಬ್ಬಿನ ವಾರ್ಷಿಕ ಒಳಲೀಗನ್ನು ಒಂಬತ್ತು ಭಾನುವಾರಕ್ಕೆ ಶುರು ಮಾಡಿಯೇಬಿಟ್ಟಳು. ಪ್ರೇಕ್ಷಕರಿಲ್ಲ, ಸ್ನಾನದ ಕೋಣೆಗೆ ಬೀಗ, ಕ್ಯಾಂಟೀನೂ ಇಲ್ಲ. ಪ್ರಶಸ್ತಿ ಮಾತ್ರ ಎಂದಿನಂತೆ ಉಂಟು: ವರ್ಷದ ಆಟಗಾರ್ತಿ. ಎಲ್ಲರೂ ತಮ್ಮ ತಂಡ ಬಿಟ್ಟು ಬೇರೆ ತಂಡದ ಒಬ್ಬಳಿಗೆ ವೋಟು ಹಾಕಬೇಕು. ಗೆದ್ದವಳ ಹೆಸರನ್ನು ಮಾರ್ಗೊ ಒಂದು ದೊಡ್ಡ ಕ್ಲಬ್ಬಿನ ಮಹಿಳಾ ಎರಡನೇ ತಂಡದ ಆಯ್ಕೆಗೆ ನಡೆಯುವ ಮೂರು ದಿನದ ಟ್ರಯಲ್‌ಗೆ ಕಳಿಸುತ್ತಾಳೆ. ವರ್ಷಕ್ಕೆ ಒಂದೇ ಹೆಸರು. ಅಕ್ಷಯಾಳಿಗೆ ಇಪ್ಪತ್ತೈದು ತುಂಬಿತ್ತು, ಜುಲೈಗೆ ಓದು ಮುಗಿಯುತ್ತಿತ್ತು. ನಿಜವಾದ ಫುಟ್‌ಬಾಲಿಗೆ ಹೋಗಲು ಇನ್ನು ಉಳಿದಿದ್ದ ಬಾಗಿಲು ಇದೊಂದೇ.

ಚೀಟಿ ಎತ್ತಿದಾಗ ಗೆಳತಿಯರಿಬ್ಬರೂ ಹಳದಿಗೇ ಬಿದ್ದರು. ಹಳದಿ ಬಲವಾದ ತಂಡ. ಹಸಿರಿನ ಪಾಡು ಮಾತ್ರ ದೇವರಿಗೇ ಪ್ರೀತಿ. ಅರ್ಧ ಜನ ಆ ವರ್ಷವಷ್ಟೇ ಚೆಂಡು ಮುಟ್ಟಿದವರು, ಇದ್ದ ಒಬ್ಬ ಒಳ್ಳೆ ಆಟಗಾರ್ತಿ ಓದು ಬಿಟ್ಟು ತನ್ನ ಊರಿಗೆ ಹೋಗಿದ್ದಳು. ಮಾರ್ಗೊ ಇವರಿಬ್ಬರನ್ನೂ ಕರೆದು, "ಹಳದಿಯಲ್ಲಿ ಇಬ್ಬರು ಫಾರ್ವರ್ಡ್ ಇದ್ದೀರಿ. ಒಬ್ಬಳು ಹಸಿರಿಗೆ ಹೋಗಲೇಬೇಕು. ಯಾರು ಅಂತ ನೀವೇ ತೀರ್ಮಾನ ಮಾಡಿ" ಎಂದಳು.

ಸೈಕಲ್ ತುಳಿದು ಮನೆಗೆ ಬರುವಾಗ ಹಿತಾಳೇ ಮಾತು ತೆಗೆದಳು.

"ಹಸಿರು ತಂಡಕ್ಕೆ ನೀನೇ ಹೋಗು ಕಣೇ."

"ನಾನಾ? ಮಾರಾಯ್ತಿ, ನಿಂಗೆ ಗೊತ್ತುಂಟಲ್ಲ. ಸೋಲುವ ತಂಡದಲ್ಲಿ ಆಡಿ ನಂಗೆ ಒಮ್ಮೆ ಸಾಕಾಗಿದೆ."

"ಅದು ಅಲ್ಲಿ ಕಣೇ. ಇಲ್ಲಿಯವರು ಹಾಗಲ್ಲ. ಇಲ್ಲಿ ಪ್ರತಿಯೊಂದಕ್ಕೂ ನಂಬರ್ ನೋಡ್ತಾರೆ, ಯಾರು ಎಷ್ಟು ಗೋಲು, ಯಾರು ಎಷ್ಟು ಪಾಸ್ ಅಂತ. ನಾನು ಹಸಿರಿಗೆ ಹೋದ್ರೆ ಮುಳುಗಿ ಹೋಗ್ತೀನಿ. ನೀನು ಹೋದ್ರೆ ಇಡೀ ಕ್ಲಬ್ ನಿನ್ನನ್ನೇ ನೋಡುತ್ತೆ, ಒಬ್ಬಳೇ ಒಂದು ಟೀಮನ್ನ ಎತ್ತಿದಳು ಅಂತ."

ಇಲ್ಲಿಯವರು ಹಾಗಲ್ಲ! ಪರದೇಶಕ್ಕೆ ಬಂದ ನಮ್ಮವರೆಲ್ಲ ಒಮ್ಮೆಯಾದರೂ ನುಂಗುವ ಗುಳಿಗೆ ಇದು. ಇಲ್ಲಿ ರೈಲು ಹೊತ್ತಿಗೆ ಸರಿಯಾಗಿ ಬರುತ್ತದೆ, ಆದ್ದರಿಂದ ಮನುಷ್ಯರೂ ತಕ್ಕಡಿ ಹಿಡಿದೇ ಹುಟ್ಟಿರುತ್ತಾರೆ ಎಂದು ನಾವೇ ಅಂದುಕೊಳ್ಳುತ್ತೇವೆ. ಅಕ್ಷಯಾಳೂ ನುಂಗಿದಳು. ಮೇಲಾಗಿ ಹೇಳಿದವಳು ಯಾರು? ಜ್ವರದಲ್ಲಿ ಸಾರು ಬಡಿಸಿದವಳು. ಮಾರನೇ ದಿನವೇ ಮಾರ್ಗೊಗೆ ಹೇಳಿ ಹಸಿರು ಬನಿಯನ್ ತೆಗೆದುಕೊಂಡಳು.

ಆಡಿದಳು ನೋಡಿ, ಆ ಒಂಬತ್ತು ಭಾನುವಾರ. ಚೆಂಡು ಕಂಡರೆ ಕಣ್ಣು ಮುಚ್ಚಿಕೊಳ್ಳುವ ಹುಡುಗಿಯರನ್ನು ಕಟ್ಟಿಕೊಂಡು, ಹಿಂದೆ ಹೋಗಿ ಚೆಂಡು ಕಿತ್ತು, ತಾನೇ ಮುಂದೆ ಒಯ್ದು, ತಾನೇ ಹೊಡೆದಳು. ಹಸಿರು ಹೊಡೆದ ಹದಿಮೂರು ಗೋಲುಗಳಲ್ಲಿ ಹನ್ನೆರಡು ಅವಳವು. ಲೀಗಿನಲ್ಲಿ ಬೇರೆ ಯಾರೂ ಎಂಟು ದಾಟಲಿಲ್ಲ. ಹಿತಾ ಏಳು ಹೊಡೆದಳು, ಅದರಲ್ಲಿ ಮೂರು ಪೆನಾಲ್ಟಿ. ಆದರೂ ಹಸಿರು ಗೆದ್ದದ್ದು ಒಂದೇ ಪಂದ್ಯ. ಹಳದಿ ಮೊದಲು, ಹಸಿರು ಕೊನೆಗೆ.

ಮೇ ಕೊನೆಯ ಭಾನುವಾರ ಮಾರ್ಗೊ ಮೈದಾನದಲ್ಲೇ ವೋಟು ಓದಿದಳು. ಹಿತಾಳಿಗೆ ಇಪ್ಪತ್ತೊಂದು, ನೀಲಿಯ ಒಬ್ಬಳಿಗೆ ಹನ್ನೊಂದು, ಕೆಂಪಿನ ಇಬ್ಬರಿಗೆ ಸೇರಿ ಹನ್ನೊಂದು, ಅಕ್ಷಯಾಳಿಗೆ ನಾಲ್ಕು. ಕೈ ಕುಲುಕುವಂತಿಲ್ಲವಲ್ಲ, ಕಪ್ಪನ್ನು ಒಂದು ಮಡಚುವ ಮೇಜಿನ ಮೇಲಿಟ್ಟು ಮಾರ್ಗೊ ಎರಡು ಹೆಜ್ಜೆ ಹಿಂದೆ ಸರಿದಳು, ಹಿತಾ ತಾನೇ ಹೋಗಿ ಎತ್ತಿಕೊಂಡಳು. ಅಕ್ಷಯಾ ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದಳು. ತನ್ನ ವೋಟನ್ನೂ ಅವಳು ಹಿತಾಳಿಗೇ ಹಾಕಿದ್ದಳು. ಪ್ರಶಸ್ತಿ ತನಗೆ ಸಿಗದಿದ್ದರೂ ಮನೆಗಂತೂ ಬಂತಲ್ಲ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದಳು. "ನಿಂದು ಕಣ್ಣೀರಿನ ಸ್ವರ ಮಗಾ" ಎಂದರು ಅಮ್ಮ. ಶೀತ ಎಂದಳು.

ಇಷ್ಟೇ ಆಗಿದ್ದರೆ ಹಣೆಬರಹ ಎಂದು ಮರೆಯಬಹುದಿತ್ತು.

ಹತ್ತು ದಿನ ಕಳೆದ ಮೇಲೆ ಮಾರ್ಗೊ ಕ್ಲಬ್ಬಿನ ವಾಟ್ಸ್ಯಾಪ್ ಗುಂಪಿಗೆ ಒಂದು ಲಿಂಕ್ ಹಾಕಿದಳು. ಹಿತಾಳ ವಿಭಾಗದವರು ಒಳ್ಳೆಯ ವಿದ್ಯಾರ್ಥಿ ಪ್ರಾಜೆಕ್ಟುಗಳನ್ನು ವೆಬ್‌ಸೈಟಿನಲ್ಲಿ ಹಾಕಿದ್ದರು. ಹಿತಾಳದ್ದಕ್ಕೆ ಹತ್ತಕ್ಕೆ ಒಂಬತ್ತು. ಈ ದೇಶದ ಮೇಷ್ಟ್ರುಗಳು ಒಂಬತ್ತು ಕೊಡುವುದೆಂದರೆ ಕೈಬೆರಳು ಕತ್ತರಿಸಿ ಕೊಟ್ಟ ಹಾಗೆ. "ನಮ್ಮ ಪ್ರಶಸ್ತಿ ವಿಜೇತೆ ಪ್ರಶಸ್ತಿಗಳ ಮೇಲೆಯೇ ಬರೆದಿದ್ದಾಳೆ!" ಎಂದು ಮಾರ್ಗೊ ನಗುವಿನ ಮುಖ ಬೇರೆ ಅಂಟಿಸಿದ್ದಳು. ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟು ನಿಂತಿದ್ದ ಅಕ್ಷಯಾ ಲಿಂಕ್ ತೆರೆದಳು.

ವಿಷಯ: ಕಾಲೇಜು ಫುಟ್‌ಬಾಲಿನಲ್ಲಿ ತಂಡದ ಸ್ಥಾನಕ್ಕೂ ಆಟಗಾರರ ವೈಯಕ್ತಿಕ ಪ್ರಶಸ್ತಿಗೂ ಇರುವ ಸಂಬಂಧ. ಹಿತಾ ಹಲವು ದೇಶಗಳ ಕಾಲೇಜು ಲೀಗುಗಳ ಪಟ್ಟಿ ಜಾಲಾಡಿದ್ದಳು. ಕೊನೆಯ ಅಧ್ಯಾಯದಲ್ಲಿ ತಮ್ಮದೇ ಕ್ಲಬ್ಬಿನ ಲೆಕ್ಕ. ಹದಿನಾಲ್ಕು ವರ್ಷಗಳ ಒಳಲೀಗಿನಲ್ಲಿ ಹನ್ನೊಂದು ಸಲ ಪ್ರಶಸ್ತಿ ಹೋದದ್ದು ಗೆದ್ದ ತಂಡದವಳಿಗೆ, ಮೂರು ಸಲ ಎರಡನೇ ಸ್ಥಾನದ ತಂಡದವಳಿಗೆ. ಕೊನೆಯ ತಂಡದವಳಿಗೆ ಒಮ್ಮೆಯೂ ಇಲ್ಲ. ಅತಿ ಹೆಚ್ಚು ಗೋಲು ಹೊಡೆದವಳು ಕೊನೆಯ ತಂಡದಲ್ಲಿದ್ದ ವರ್ಷಗಳೂ ಎರಡಿದ್ದವು. ಆಗಲೂ ಇಲ್ಲ. ಮುಖಪುಟದಲ್ಲಿ ಸಲ್ಲಿಸಿದ ದಿನಾಂಕ: ಫೆಬ್ರವರಿ 12. ಅದರ ಕೆಳಗೆ ಕೃತಜ್ಞತೆ: ತನ್ನ ಕತೆಯಿಂದ ಈ ಪ್ರಶ್ನೆಯನ್ನು ಕೊಟ್ಟ ಮನೆಗೆಳತಿಗೆ.

ಫೆಬ್ರವರಿ. ಸೈಕಲ್ ಮೇಲೆ "ಇಲ್ಲಿಯವರು ಹಾಗಲ್ಲ" ಎಂದದ್ದು ಮಾರ್ಚಿನಲ್ಲಿ. ಅಕ್ಷಯಾ ಎರಡು ಸಲ ಲೆಕ್ಕ ಹಾಕಿದಳು, ಮೂರನೇ ಸಲ ಹಾಕುವಾಗ ನೀರು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಒಲೆ ಆರಿಸಿ ಹಿತಾಳ ಬಾಗಿಲು ತಟ್ಟಿದಳು.

ಹಿತಾ ನಗುತ್ತಲೇ ಬಾಗಿಲು ತೆಗೆದಳು. ಫೋನಿನ ಪರದೆ ನೋಡಿದ ಮೇಲೆ ನಗು ನಿಂತಿತು.

"ಕೊನೆಯ ತಂಡಕ್ಕೆ ಸೊನ್ನೆ ಅಂತ ನಿಂಗೆ ಗೊತ್ತಿತ್ತು" ಎಂದಳು ಅಕ್ಷಯಾ.

"ಅದು ಬರೀ ಪ್ರಾಜೆಕ್ಟ್ ಕಣೇ..."

"ಗೊತ್ತಿತ್ತಾ ಇಲ್ಲವಾ?"

"ಗೊತ್ತಿತ್ತು."

"ಗೊತ್ತಿದ್ದೂ ನನ್ನನ್ನು ಅಲ್ಲಿಗೆ ಕಳಿಸಿದಿ. ನನ್ನ ಕತೆಯನ್ನೇ ತಗೊಂಡು ನನ್ನನ್ನೇ ಮಂಗ ಮಾಡಿದಿ. ನಂಗೆ ಆ ಟ್ರಯಲ್ ಅಂದ್ರೆ ಎಂತದು ಅಂತ ಈ ಊರಲ್ಲಿ ಗೊತ್ತಿದ್ದವಳು ನೀನೊಬ್ಬಳೇ."

ಹಿತಾ ಮಂಚದ ಅಂಚಿನಲ್ಲಿ ಕೂತಳು. "ನನಗೂ ಬೇಕಿತ್ತು ಅಕ್ಷಯಾ. ನಿನಗೊಬ್ಬಳಿಗೇನಾ ಆಸೆ ಇರೋದು?"

"ಹಾಗಂತ ಹೇಳಬಹುದಿತ್ತಲ್ಲ. ನಂಗೆ ಬೇಕು, ನೀನು ಹಸಿರಿಗೆ ಹೋಗು ಅಂದಿದ್ರೆ ಹೋಗ್ತಿದ್ದೆ. ದೇವರಾಣೆ ಹೋಗ್ತಿದ್ದೆ. ಕೊರೊನಾದಲ್ಲಿ ನೀನು ಮಾಡಿದ್ದಕ್ಕೆ ಅಷ್ಟಾದ್ರೂ ಮಾಡ್ತಿದ್ದೆ."

"ಗೊತ್ತು. ಅದಕ್ಕೇ ಕೇಳಲಿಲ್ಲ. ಕೇಳಿದ್ರೆ ಅದು ನೀನು ಕೊಟ್ಟದ್ದು ಅಂತ ಆಗ್ತಿತ್ತು. ಜೀವನಪೂರ್ತಿ ನೀನು ಬಿಟ್ಟುಕೊಟ್ಟೆ ಅಂತ ಇರ್ತಿತ್ತು."

ಕೇಳಿದಿರಾ ನ್ಯಾಯ! ಭಿಕ್ಷೆ ಬೇಡುವುದು ಅವಮಾನವಂತೆ, ಕದ್ದರೆ ಮರ್ಯಾದೆಯಂತೆ.

ಹಿತಾ ಅಳಲು ಶುರು ಮಾಡಿದಳು. "ನಾನು ಟ್ರಯಲ್‌ಗೆ ಹೋಗಲ್ಲ. ಮಾರ್ಗೊಗೆ ಹೇಳ್ತೀನಿ. ನೀನು ಹೋಗು."

"ನೀನು ಬಿಟ್ರೆ ಹನ್ನೊಂದು ವೋಟಿನವಳನ್ನು ಕರೀತಾರೆ. ನಾಲ್ಕು ವೋಟಿನವಳನ್ನು ಯಾರು ಕರೀತಾರೆ? ಅದೂ ನಿಂಗೆ ಗೊತ್ತುಂಟು, ಗೊತ್ತಿದ್ದೇ ಹೇಳ್ತಿದ್ದಿ."

ಅಕ್ಷಯಾ ಹೊರಡಲೆಂದು ತಿರುಗಿದವಳು ಬಾಗಿಲಲ್ಲಿ ನಿಂತಳು. ಕೇಳಬಾರದಿತ್ತು, ಆದರೆ ಕೇಳದೆ ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

"ನಾಲ್ಕರಲ್ಲಿ ಒಂದು ವೋಟು ನಿಂದಾ?"

ಹಿತಾ ತಲೆ ಅಲ್ಲಾಡಿಸಿದಳು. ಅಲ್ಲ.

"ಯಾಕೆ? ಸೊನ್ನೆ ಅಂತ ನಿನ್ನ ಲೆಕ್ಕವೇ ಹೇಳಿತ್ತಲ್ಲ. ನಿನ್ನ ಒಂದು ವೋಟಿನಿಂದ ನಿಂಗೆ ನಷ್ಟ ಎಂತ ಇತ್ತು?"

ಹಿತಾ ಮುಖ ಒರೆಸಿಕೊಂಡಳು. ಆಮೇಲೆ ಹೇಳಿದ್ದು ಸಣ್ಣ ಸ್ವರದಲ್ಲಿ.

"ಭಯ ಆಯ್ತು. ನೀನು ಆಡ್ತಿದ್ದ ರೀತಿ ನೋಡಿದ್ರೆ ಈ ಸಲ ನನ್ನ ಲೆಕ್ಕವೇ ತಪ್ಪಾಗುತ್ತೆ ಅನ್ನಿಸಿತ್ತು. ಹದಿನಾಲ್ಕು ವರ್ಷದಲ್ಲಿ ಯಾರೂ ಆಡಿರಲ್ಲ ಕಣೇ ಹಾಗೆ."

ಒಂಬತ್ತು ಭಾನುವಾರ ಅಕ್ಷಯಾ ಕಾದದ್ದು ಈ ಒಂದು ಮಾತಿಗೆ. ಮಾರ್ಗೊ ಹೇಳಿರಲಿಲ್ಲ, ಹಸಿರು ಹುಡುಗಿಯರೂ ಹೇಳಿರಲಿಲ್ಲ. ಹೇಳಿದವಳು ಇವಳು. ಅಕ್ಷಯಾ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಗೋಡೆಯಾಚೆ ಕೇಳಿದರೆ ಕೇಳಲಿ ಎಂದು, ಮಗುವಿನ ಹಾಗೆ ಗಟ್ಟಿಯಾಗಿ ಅತ್ತಳು.