ಪರದೆಯ ಹಿಂದೆ ನಿಂತ ಟೇಪು ಮಾಸ್ಟರ್

ವಯಸ್ಸಿಗೆ ಬಂದ ಹುಡುಗ ಮದುವೆಗೆ ಒಪ್ಪುತ್ತಿಲ್ಲ ಎಂದರೆ ಸಾಕು, ಊರಿಗೆಲ್ಲ ಕೈತುಂಬ ಕೆಲಸ. ಅವನಿಗೆ ಪೇಟೆಯಲ್ಲಿ ಯಾರೋ ಇದ್ದಾಳೆ ಎಂದು ಒಬ್ಬರು ಹೇಳುತ್ತಾರೆ. ಇಲ್ಲ, ಅವನಿಗೆ ಅಹಂಕಾರ ಎಂದು ಇನ್ನೊಬ್ಬರು ಹೇಳುತ್ತಾರೆ. ಹುಡುಗನನ್ನು ಮಾತ್ರ ಯಾರೂ ಕೂರಿಸಿಕೊಂಡು ಕೇಳುವುದಿಲ್ಲ. ನಮ್ಮ ಬೀದಿಯಲ್ಲಿ ಆದದ್ದೂ ಇದೇ.

ನಾನು ಇಸ್ತ್ರಿ ಅಂಗಡಿಯವಳು. ಎಲ್ಲರ ಮನೆಯ ಬಟ್ಟೆ ನನ್ನ ಮೇಜಿಗೆ ಬರುತ್ತದೆ, ಬಟ್ಟೆಯ ಜೊತೆಗೆ ಸುದ್ದಿಯೂ ಬರುತ್ತದೆ. ಆದರೆ ಇದು ಕದ್ದು ಕೇಳಿದ ಸುದ್ದಿಯಲ್ಲ. ಆ ಹುಡುಗನೇ ಇದನ್ನು ಓದಿ, ಎರಡು ಕಡೆ ತಿದ್ದಿ, "ಆಯ್ತು ಅತ್ತೆ, ಹೇಳಿ" ಎಂದ ಮೇಲೆಯೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ನನ್ನ ಅಂಗಡಿಗೂ ಪಕ್ಕದ ಹೊಲಿಗೆ ಅಂಗಡಿಗೂ ನಡುವೆ ಇರುವುದು ಎದೆಮಟ್ಟದ ಒಂದು ಗೋಡೆ. ಆಚೆ ಕಡೆ ಟೇಪು ಮಾಸ್ಟರ್. ಊಟಕ್ಕೆ ಕೂತರೂ ಕೊರಳಿನ ಟೇಪು ತೆಗೆಯದ ಮನುಷ್ಯ, ಅದಕ್ಕೇ ಆ ಹೆಸರು. ಮಾಸ್ಟರ್ ಬಟ್ಟೆ ಕತ್ತರಿಸುತ್ತಾರೆ. ಮಗ ಹೊಲಿಯುತ್ತಾನೆ, ಅವನನ್ನು ಎಲ್ಲರೂ ಚಿಕ್ಕ ಮಾಸ್ಟರ್ ಎನ್ನುತ್ತೇವೆ. ಕಾಜಾ ಹಾಕಿ ಗುಂಡಿ ಹಚ್ಚುವುದು ಮಾಸ್ಟರ್ ಹೆಂಡತಿ, ನನ್ನ ಬಾಯಲ್ಲಿ ಅತ್ತಿಗೆ. ಒಂದು ಅಂಗಿ ಮೂವರ ಕೈ ದಾಟಿ ಬರುವಷ್ಟರಲ್ಲಿ ಮೂರು ಸಲವಾದರೂ ಜಗಳ, ಆರು ಸಲ ನಗು. ಮಾಸ್ಟರ್ ಜೋಕು ಹೇಳುವುದರಲ್ಲಿ ಎತ್ತಿದ ಕೈ. ಗಿರಾಕಿಗಳು ಬಟ್ಟೆ ಆದ ಮೇಲೂ ಎದ್ದು ಹೋಗುತ್ತಿರಲಿಲ್ಲ.

ಆ ನಗು ನಿಂತು ನಾಲ್ಕು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಚಿಕ್ಕ ಮಾಸ್ಟರ್ ಮಿಷನ್ ನಿಲ್ಲಿಸಿ, ತಲೆ ತಗ್ಗಿಸಿಕೊಂಡು ಅಪ್ಪನಿಗೆ ಹೇಳಿಬಿಟ್ಟಿದ್ದ.

"ಅಪ್ಪಾ, ಹೆಣ್ಣು ನೋಡೋದು ಬೇಡ. ನನಗೆ ಹೆಣ್ಣುಮಕ್ಕಳ ಮೇಲೆ ಆ ಥರ ಮನಸ್ಸು ಬರಲ್ಲ. ಹುಡುಗರ ಮೇಲೇ ಬರೋದು. ಚಿಕ್ಕಂದಿನಿಂದ ಹೀಗೇ."

ಮಾಸ್ಟರ್ ಕತ್ತರಿ ಕೆಳಗಿಡಲಿಲ್ಲ. "ಕಾಲರ್ ಹೊಲಿ" ಎಂದರು. ಅಷ್ಟೇ. ಆಮೇಲೆ ಅಪ್ಪ ಮಗ ಬಟ್ಟೆ ದಾಟಿಸಿಕೊಂಡರೇ ಹೊರತು ಮಾತು ದಾಟಿಸಿಕೊಳ್ಳಲಿಲ್ಲ. ನಾಲ್ಕು ತಿಂಗಳು ಕಳೆದ ಮೇಲೆ ಮಾಸ್ಟರ್ ಪಕ್ಕದೂರಿನ ಒಂದು ಮನೆಯಲ್ಲಿ ಮಾತಾಡಿ ಬಂದರು. ಭಾನುವಾರ ಹೆಣ್ಣು ನೋಡಿ ಒಪ್ಪಿಗೆ ಹೇಳಿಬರುವುದೆಂದು ನಿಶ್ಚಯವಾಯಿತು. ಹುಡುಗ ಬೇಡವೆಂದ, ಮತ್ತೆ ಬೇಡವೆಂದ, ಕೊನೆಗೆ ಸುಸ್ತಾಗಿ "ಆಯ್ತು" ಎಂದ.

ಅತ್ತಿಗೆ ಗೋಡೆಯ ಹತ್ತಿರ ಬಂದು ಕಣ್ಣೊರೆಸಿಕೊಂಡರು. "ಬೇಡ ಅಂತ ಜಗಳ ಆಡುವಾಗಲೇ ಚೆನ್ನಾಗಿದ್ದ ಕಣೇ. ಆಯ್ತು ಅಂದಾಗಿನಿಂದ ಊಟದ ತಟ್ಟೆ ಮುಂದೆ ಸುಮ್ಮನೆ ಕೂತಿರ್ತಾನೆ. ಆ ಹುಡುಗಿಗೂ ಏನೂ ಗೊತ್ತಿಲ್ಲ."

ನಿಜ ಹೇಳುತ್ತೇನೆ, ಇಂಥವರನ್ನು ಕಂಡು ಕಿಸಕ್ಕೆಂದು ನಕ್ಕವರಲ್ಲಿ ನಾನೂ ಒಬ್ಬಳು. ಎತ್ತಿ ಆಡಿಸಿದ ಹುಡುಗನೇ ಅಂಥವನು ಎಂದು ಗೊತ್ತಾದಾಗ ನನ್ನ ನಗು ನನಗೇ ಚುಚ್ಚಿತು.

ಆ ವಾರವೇ ಆರೋಗ್ಯ ಕೇಂದ್ರದ ನರ್ಸಮ್ಮ ಹೊಲಿಗೆ ಅಂಗಡಿಗೆ ಬಂದರು. ಅವರು ತಿಂಗಳಿಗೊಮ್ಮೆ ಊರ ಗೋದಾಮಿನಲ್ಲಿ ನಮಗೆಲ್ಲ ಒಂದು ಫಿಲಂ ತೋರಿಸುತ್ತಾರೆ. ಹಿಂದಿನ ತಿಂಗಳು ಕೈ ತೊಳೆಯುವ ಫಿಲಂ. ಗೋದಾಮಿನ ಗೋಡೆ ತೇವ ಕುಡಿದು ಸುಣ್ಣ ಉದುರಿತ್ತು, ಅದರ ಮೇಲೆ ಫಿಲಂ ಬಿಟ್ಟರೆ ಡಾಕ್ಟರ ಮುಖವೇ ರೋಗಿಯ ಮುಖದಂತೆ ಕಂಡಿತ್ತು.

"ಮಾಸ್ಟ್ರೇ, ಈ ಸಲ ಒಂದು ಒಳ್ಳೆ ಪರದೆ ಬೇಕು. ಬಿಳಿ ಬಟ್ಟೆ, ಬೆಳಕು ಹಾಯದ ಹಾಗೆ ಹಿಂದೆ ಕಪ್ಪು ಅಸ್ತರು. ಶುಕ್ರವಾರಕ್ಕೆ" ಎಂದರು ನರ್ಸಮ್ಮ.

ಮಾಸ್ಟರ್ ಖುಷಿಯಿಂದಲೇ ಅಳತೆ ಬರೆದುಕೊಂಡರು. ಬುಧವಾರದ ಹೊತ್ತಿಗೆ ಬಿಳಿ ಬಟ್ಟೆ ಜೋಡಿಸಿ ಅಂಚು ಹೊಲಿದೂ ಆಗಿತ್ತು, ಅಸ್ತರು ಮಾತ್ರ ಬಾಕಿ. ನರ್ಸಮ್ಮ ನೋಡಲು ಬಂದಾಗ ಮಾಸ್ಟರ್ ಕೇಳಿದರು, "ಈ ಸಲ ಯಾವ ಫಿಲಂ? ಸೊಳ್ಳೆನಾ?"

"ಸೊಳ್ಳೆ ಅಲ್ಲ. ನಮ್ಮಂಥದ್ದೇ ಒಂದು ಹಳ್ಳಿ. ಅಲ್ಲಿ ಬೆಳೆಯೋ ಒಬ್ಬ ಹುಡುಗ. ಅವನಿಗೆ ಹುಡುಗರ ಮೇಲೆ ಪ್ರೀತಿ. ಪುಸ್ತಕದಲ್ಲಿ ಸಲಿಂಗಪ್ರೇಮಿ ಅಂತಾರೆ, ಪೇಟೇಲಿ ಗೇ ಅಂತಾರೆ. ಅವನು ಊರಿಗೆ ಹೆದರಿಕೊಂಡು ಹೇಗೆ ಬೆಳೆದ ಅನ್ನೋದೇ ಕಥೆ."

ಮಗನ ಮಿಷನ್ ನಿಂತಿತು. ಮಾಸ್ಟರ್ ಮುಖ ಕೆಂಪಾಯಿತು.

"ಇಂಥ ಫಿಲಂ ನೋಡಿಯೇ ಹುಡುಗರು ಕೆಡೋದು!"

"ಹಾಗೇನಿಲ್ಲ ಮಾಸ್ಟ್ರೇ" ನರ್ಸಮ್ಮ ಸ್ಟೂಲು ಎಳೆದುಕೊಂಡು ಕೂತೇ ಬಿಟ್ಟರು. "ನಾವು ಹುಟ್ಟಿದಾಗಿನಿಂದ ನೋಡಿದ್ದೆಲ್ಲ ಗಂಡು ಹೆಣ್ಣಿನ ಪ್ರೀತಿ ಫಿಲಂಗಳೇ. ಆದರೂ ಇಂಥ ಮಕ್ಕಳು ಹುಟ್ಟೋದೇನು ನಿಂತಿಲ್ಲವಲ್ಲ. ಫಿಲಂ ನೋಡಿ ಹುಡುಗರು ಬದಲಾಗ್ತಾರೆ ಅನ್ನೋದಾದರೆ, ಇವರೂ ಯಾವತ್ತೋ ಬದಲಾಗಬೇಕಿತ್ತು."

"ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತೆ. ಎಂಥೆಂಥ ಕೆಟ್ಟ ಹೊಲಿಗೇನೇ ನಾನು ಆಲ್ಟ್ರೇಷನ್ ಮಾಡಿ ಸರಿ ಮಾಡಿದ್ದೀನಿ."

"ಬಟ್ಟೆನ ಮೈಗೆ ತಕ್ಕ ಹಾಗೆ ಕತ್ತರಿಸ್ತೀರೋ, ಮೈನ ಬಟ್ಟೆಗೆ ತಕ್ಕ ಹಾಗೆ ಕತ್ತರಿಸ್ತೀರೋ?"

ಮಾಸ್ಟರ್ ಪರದೆ ಎಳೆದುಕೊಂಡು ಬ್ಲೇಡಿನಿಂದ ಹೊಲಿಗೆ ಬಿಚ್ಚಲು ಹೊರಟರು. ಆಗ ಬಾಯಿ ತೆರೆದದ್ದು ಅತ್ತಿಗೆ. "ಒಪ್ಪಿಕೊಂಡ ಕೆಲಸ ಬಿಚ್ಚಿ ಹಾಕೋದು ಯಾವಾಗಿನಿಂದ ಶುರುವಾಯ್ತು? ಅಂಗಡಿಗೆ ಒಂದು ಮರ್ಯಾದೆ ಬೇಡವಾ?"

ಮಾಸ್ಟರ್ ಬ್ಲೇಡು ಎಸೆದರು. "ತಗೊಂಡು ಹೋಗಿ. ಆದರೆ ಈ ಫಿಲಂಗೆ ನನ್ನ ಕೈಯಿಂದ ಅಸ್ತರು ಬೀಳಲ್ಲ. ನಾನಂತೂ ನೋಡಲ್ಲ" ಎಂದರು. ಸಿಟ್ಟಿನಲ್ಲಿ ಅಸ್ತರನ್ನು ಮಡಿಸಿ ಕಪಾಟಿಗೆ ತುರುಕಿದರು. ಆ ಸಿಟ್ಟೇ ಮುಂದೆ ಏನು ಮಾಡಿತು ನೋಡಿ.

ಶುಕ್ರವಾರ ಮಧ್ಯಾಹ್ನ ಗೋದಾಮಿನ ಕಿಟಕಿಗಳಿಗೆ ಗೋಣಿ ಕಟ್ಟಿ ಕತ್ತಲೆ ಮಾಡಿದರು. ಪರದೆ ಕಟ್ಟಿದವರು ಹೊಲಿಗೆ ತಿಳಿದವರಲ್ಲ, ಅದು ಒಂದು ಕಡೆ ಜೋತು ಬಿದ್ದಿತ್ತು. ದೊಡ್ಡ ಫ್ಯಾನಿನ ಗಾಳಿಗೆ ಬೇರೆ ಪಟಪಟ ಎನ್ನುತ್ತಿತ್ತು. ಸುದ್ದಿ ಮಾಸ್ಟರಿಗೆ ಮುಟ್ಟಿತು. ತಮ್ಮ ಹೊಲಿಗೆ ಹತ್ತು ಜನರ ಎದುರು ಜೋತುಬಿದ್ದರೆ ಅವರಿಗೆ ನಿದ್ದೆ ಬರುತ್ತದೆಯೇ? ಬಂದರು, ಯಾರ ಮುಖವನ್ನೂ ನೋಡದೆ ಸೀದಾ ಪರದೆಯ ಹಿಂದೆ ಹೋದರು.

"ನಾನು ಫಿಲಂ ನೋಡೋಕೆ ಬಂದಿಲ್ಲ. ನನ್ನ ಬಟ್ಟೆ ನೋಡ್ಕೊಳ್ಳೋಕೆ ಬಂದಿದ್ದೀನಿ" ಎಂದು ಹಿಂದಿನಿಂದಲೇ ಸಾರಿದರು. ಎಲ್ಲರೂ ನಕ್ಕರು.

ನಾನೂ ಅತ್ತಿಗೆಯೂ ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದೆವು. ಪರದೆ ನೆಲದಿಂದ ಒಂದು ಗೇಣು ಮೇಲಿತ್ತು. ಅದರ ಕೆಳಗೆ ನಮಗೆ ಕಂಡದ್ದು ನಾಲ್ಕು ಪಾದ. ಎಡಮೂಲೆಯಲ್ಲಿ ಮಾಸ್ಟರ ಸವೆದ ಚಪ್ಪಲಿ. ಬಲಮೂಲೆಯಲ್ಲಿ ಎರಡು ಬರಿಗಾಲು. ಅತ್ತಿಗೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಮಗನೂ ಪರದೆ ಹಿಡಿಯುವ ನೆಪದಲ್ಲಿ ಅಲ್ಲಿಗೇ ಬಂದು ಸೇರಿದ್ದ. ಊರವರ ನಡುವೆ ಕೂತು ಈ ಫಿಲಂ ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಆದರೆ ಅಸ್ತರಿಲ್ಲದ ತೆಳುಬಟ್ಟೆ, ಹಿಂದಿನಿಂದಲೂ ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಎಡ ಬಲ ಅದಲುಬದಲು, ಅಷ್ಟೇ.

ಫಿಲಂ ಶುರುವಾಯಿತು. ಟ್ರ್ಯಾಕ್ಟರ್ ರಿಪೇರಿ ಮಾಡುವವನ ಮಗ. ಬೆಂಚಿನಲ್ಲಿ ಪಕ್ಕದಲ್ಲಿ ಕೂರುವ ಗೆಳೆಯ ಒಂದು ದಿನ ಶಾಲೆಗೆ ಬರದಿದ್ದರೆ ಇವನಿಗೆ ಊಟ ಸೇರುವುದಿಲ್ಲ. ಊರ ಹಿರಿಯರು ತುಂಬ ಬಿಗಿ. ಹುಡುಗ ಶೆಡ್ಡಿನ ಹಿಂದೆ ನಿಂತು ಅಪ್ಪನ ಹಾಗೆ ಗಟ್ಟಿಯಾಗಿ ಕಾಲಿಟ್ಟು ನಡೆಯುವುದನ್ನು ಅಭ್ಯಾಸ ಮಾಡುತ್ತಾನೆ. ತನ್ನ ಗುಟ್ಟನ್ನು ಯಾರಿಗಾದರೂ ಹೇಳಲೇಬೇಕೆನಿಸಿ ಹಸುವಿನ ಮುಂದೆ ಹೇಳುತ್ತಾನೆ, ಹಸು ಮೆಲುಕು ಹಾಕುತ್ತಲೇ ಇರುತ್ತದೆ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಆಮೇಲೆ ಒಂದು ದೃಶ್ಯ. ಶೆಡ್ಡಿನಲ್ಲಿ ಗಂಡಸರೆಲ್ಲ ಸೇರಿ ಅಂಥವರ ಬಗ್ಗೆ ಒಂದು ಹೊಲಸು ಜೋಕು ಹೇಳುತ್ತಾರೆ. ಎಲ್ಲರಿಗಿಂತ ಜೋರಾಗಿ ನಗುವವನು ಆ ಹುಡುಗನೇ. ನಗುತ್ತಾ ನಗುತ್ತಾ ಹೊರಗೆ ಹೋಗಿ ಟ್ರ್ಯಾಕ್ಟರಿನ ಚಕ್ರಕ್ಕೆ ಹಣೆಯಿಟ್ಟು ನಿಲ್ಲುತ್ತಾನೆ.

ಗೋದಾಮಿನಲ್ಲಿ ಯಾರೂ ನಗಲಿಲ್ಲ. ನಾನು ಪರದೆಯ ಕೆಳಗೆ ನೋಡಿದೆ. ಸವೆದ ಚಪ್ಪಲಿ ತನ್ನ ಮೂಲೆ ಬಿಟ್ಟಿತ್ತು. ಒಂದು ಹೆಜ್ಜೆ ಸರಿಯಿತು, ನಿಂತಿತು, ಇನ್ನೊಂದು ಹೆಜ್ಜೆ ಸರಿಯಿತು. ಕೊನೆಗೆ ಬರಿಗಾಲುಗಳ ಪಕ್ಕದಲ್ಲೇ ಹೋಗಿ ನಿಂತುಬಿಟ್ಟಿತು. ಬಿಟ್ಟ ಮೂಲೆ ಗಾಳಿಗೆ ಎದ್ದು ಫಿಲಂ ಹುಡುಗನ ಮುಖ ಅರ್ಧ ಮೇಲಕ್ಕೆ ಹೋಯಿತು. ಹಿಂದಿನ ಸಾಲಿನವರು "ಪರದೆ! ಪರದೆ ಹಿಡೀರಪ್ಪಾ!" ಎಂದು ಕೂಗಿದರು. ಯಾರು ಹಿಡಿಯಬೇಕು? ಹಿಂದೆ ಆಗ ಏನು ಮಾತಾಯಿತೆಂದು ಚಿಕ್ಕ ಮಾಸ್ಟರ್ ಆಮೇಲೆ ಹೇಳಿದ.

"ನೀನೂ ಹೀಗೆ ನಗ್ತಿದ್ಯೇನೋ?"

"ನಗ್ತಿದ್ದೆ."

"ಎಲ್ಲಿ?"

"ನಮ್ಮ ಅಂಗಡೀಲೇ ಅಪ್ಪಾ. ನೀನು ಹೇಳೋ ಜೋಕಿಗೆ."

ಮಾಸ್ಟರ್ ಮಗನ ಅಂಗಿಯ ತೋಳು ಹಿಡಿದುಕೊಂಡು ನಿಂತರಂತೆ. ಫಿಲಂ ಮುಗಿಯುವವರೆಗೂ ಬಿಡಲಿಲ್ಲವಂತೆ.

ಫಿಲಂ ಮುಗಿದ ಮೇಲೆ ನರ್ಸಮ್ಮ ಏನಾದರೂ ಕೇಳುವುದಿದ್ದರೆ ಕೇಳಿ ಎಂದರು. ಮೊದಲು ಎದ್ದವರು ಹಿಟ್ಟಿನ ಗಿರಣಿಯವರು, ಊರಿಗೆಲ್ಲ ಗಿರಣಿ ಮಾವ.

"ಇದೊಂದು ಕಾಯಿಲೆ ಅಲ್ವಾ ನರ್ಸಮ್ಮ? ಸಹವಾಸದಿಂದ ಅಂಟಿಕೊಳ್ಳುತ್ತೆ ಅಂತಾರೆ."

"ಕಾಯಿಲೆ ಅಲ್ಲ ಮಾವ, ಅಂಟೋದೂ ಇಲ್ಲ. ಜಗತ್ತಿನ ಡಾಕ್ಟರುಗಳು ಎಷ್ಟೋ ವರ್ಷದ ಹಿಂದೆಯೇ ಇದನ್ನ ಕಾಯಿಲೆಗಳ ಪಟ್ಟಿಯಿಂದ ತೆಗೆದಿದ್ದಾರೆ. ಒಬ್ಬರು ಎಡಗೈಯಲ್ಲಿ ಬರೀತಾರೆ, ಒಬ್ಬರು ಬಲಗೈಯಲ್ಲಿ, ಹಾಗೆ. ಔಷಧಿ ಕೊಟ್ಟು, ಹೊಡೆದು ಬಡಿದು ಸರಿ ಮಾಡ್ತೀವಿ ಅನ್ನೋರ ಹತ್ತಿರ ಮಕ್ಕಳನ್ನ ಕರ್ಕೊಂಡು ಹೋಗಬೇಡಿ. ಮನಸ್ಸು ಮುರಿದು ಹೋಗುತ್ತೆ. ಪ್ರಾಣಕ್ಕೇ ಅಪಾಯ ತಂದುಕೊಂಡ ಮಕ್ಕಳೂ ಇದ್ದಾರೆ."

ಆಗ ಪರದೆಯ ಹಿಂದಿನಿಂದ ಒಂದು ದನಿ ಬಂತು. ಬೇಕೆಂದೇ ದಪ್ಪ ಮಾಡಿಕೊಂಡ ದನಿ, ಆದರೆ ಅಂಗಿ ಹೊಲಿಸಿದ ಯಾರಿಗೆ ಅದು ಗೊತ್ತಾಗುವುದಿಲ್ಲ? "ಮದುವೆ ಮಾಡಿದರೂ ಬದಲಾಗಲ್ವಾ?"

ನಾವೆಲ್ಲ ನೆಲ ನೋಡಿದೆವು. ನರ್ಸಮ್ಮ ಪರದೆಗೇ ಉತ್ತರ ಕೊಟ್ಟರು. "ಬದಲಾಗಲ್ಲ. ಒಬ್ಬರ ಸಂಕಟ ಇಬ್ಬರದಾಗುತ್ತೆ, ಅಷ್ಟೇ. ಬರೋ ಹುಡುಗಿಯೂ ಯಾರದೋ ಮನೆಯ ಮುದ್ದಿನ ಮಗಳು. ನಿಮಗೊಬ್ಬಳು ಮಗಳಿದ್ದಿದ್ದರೆ, ಮನಸ್ಸಿಲ್ಲದವನಿಗೆ ಕಟ್ಟಿ ಕಳಿಸ್ತಿದ್ರಾ?"

ಪರದೆ ಮತ್ತೆ ಕೇಳಿತು. "ಹಾಗಾದ್ರೆ ಹೆತ್ತವರು ಏನು ಮಾಡಬೇಕು?"

"ಇಷ್ಟು ದಿನ ಏನು ಮಾಡ್ತಿದ್ರೋ ಅದನ್ನೇ ಮಾಡಬೇಕು. ಜೊತೇಲಿ ಊಟಕ್ಕೆ ಕೂರಬೇಕು, ಜಗಳ ಆಡಬೇಕು, ಮುದ್ದು ಮಾಡಬೇಕು. ಮಗ ಮೊದಲು ಹೇಗಿದ್ದನೋ ಈಗಲೂ ಹಾಗೇ ಇದ್ದಾನೆ. ಇನ್ನೊಂದು ಮಾತು. ಅವನ ವಿಷಯ ಊರಿಗೆ ಹೇಳೋದು ಬಿಡೋದು ಅವನಿಗೇ ಸೇರಿದ್ದು. ಬೇರೆಯವರು ಡಂಗುರ ಹೊಡೀಬಾರದು."

ಭಾನುವಾರ ಬೆಳಿಗ್ಗೆ ಮಾಸ್ಟರ್ ಒಬ್ಬರೇ ಸೈಕಲ್ ಹತ್ತಿ ಪಕ್ಕದೂರಿಗೆ ಹೋದರು. ಹುಡುಗಿಯ ಅಪ್ಪನ ಮುಂದೆ ನಿಂತು, "ಮಾತು ಕೊಟ್ಟು ತಪ್ಪುತ್ತಿದ್ದೀನಿ. ಮಗನನ್ನ ಕೇಳದೆ ಅವಸರ ಮಾಡಿದ್ದು ನಾನು. ನಿಮ್ಮ ಮಗಳಲ್ಲಿ ಒಂದು ಕೊರತೆಯೂ ಇಲ್ಲ" ಎಂದರು. ಆ ಮನುಷ್ಯ ಬಾಯಿಗೆ ಬಂದಂತೆ ಬೈದ. ಬೈಯದೆ ಇರುತ್ತಾನೆಯೇ? ಮಾಸ್ಟರ್ ಪೂರ್ತಿ ಕೇಳಿಸಿಕೊಂಡು, ಇನ್ನೊಮ್ಮೆ ಕೈಮುಗಿದು ಬಂದರು. ಮಗನ ಗುಟ್ಟನ್ನು ಮಾತ್ರ ಬಿಟ್ಟುಕೊಡಲಿಲ್ಲ. ಮಧ್ಯಾಹ್ನ ಮೂವರೂ ಒಟ್ಟಿಗೆ ಊಟಕ್ಕೆ ಕೂತರು. ಹುಡುಗ ಎರಡನೇ ಸಲ ಬಡಿಸಿಕೊಂಡ ಎಂದು ಅತ್ತಿಗೆ ಗೋಡೆಗೆ ಓಡಿ ಬಂದು ಹೇಳಿದರು. ಇಬ್ಬರೂ ಅತ್ತೆವು, ಯಾಕೆ ಸುಳ್ಳು ಹೇಳಲಿ.

ಎಲ್ಲ ಒಂದೇ ದಿನಕ್ಕೆ ಸರಿಹೋಯಿತು ಎನ್ನುವುದಿಲ್ಲ. ಮಾಸ್ಟರಿಗೆ ಇನ್ನೂ ಎಷ್ಟೋ ಅರ್ಥವಾಗುವುದಿಲ್ಲ. ವಾರಕ್ಕೊಮ್ಮೆ ಏನಾದರೂ ನೆಪ ಮಾಡಿಕೊಂಡು ನರ್ಸಮ್ಮನ ಹತ್ತಿರ ಕೇಳಲು ಹೋಗುತ್ತಾರೆ. ಹೋದ ತಿಂಗಳು ಗಿರಣಿ ಮಾವ ಪ್ಯಾಂಟಿನ ಅಳತೆ ಕೊಡುತ್ತಾ ಅಂಥವರ ಬಗೆಗಿನ ಹಳೆಯ ಜೋಕೊಂದನ್ನು ಶುರು ಮಾಡಿದರು. ಮಾಸ್ಟರ್ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ತೆಗೆದು ಮೇಜಿನ ಮೇಲಿಟ್ಟರು.

"ಆ ಜೋಕು ನಂದೇ ಮಾವ. ನಾನೇ ಊರಿಗೆಲ್ಲ ಹಂಚಿದ್ದು. ಕೆಟ್ಟ ಜೋಕು. ನಮ್ಮ ಅಂಗಡೀಲಿ ಇನ್ನು ಅದು ಬೇಡ."

ಗಿರಣಿ ಮಾವ ಕಕ್ಕಾಬಿಕ್ಕಿಯಾಗಿ "ಆಗಲಪ್ಪಾ" ಎಂದರು. ಪಕ್ಕದ ಮಿಷನ್ ಮುಂದೆ ಕೂತಿದ್ದ ಹುಡುಗ ತಲೆಯೆತ್ತಲಿಲ್ಲ, ನಗಲೂ ಇಲ್ಲ. ತನ್ನ ಪಾಡಿಗೆ ಕಾಲರ್ ಹೊಲಿಯುತ್ತಿದ್ದ.

ಓದುತ್ತಿರುವ ಅಕ್ಕ, ಅಣ್ಣ, ಅಪ್ಪ, ಅಮ್ಮಂದಿರೇ, ನಿಮ್ಮ ಮನೆಯಲ್ಲೂ ಇಂಥ ಒಬ್ಬ ಮಗನೋ ಮಗಳೋ ಇರಬಹುದು. ಇದ್ದರೆ ಅವರನ್ನು ಹೆದರಿಸಬೇಡಿ, ಬಲವಂತದ ಮದುವೆ ಮಾಡಬೇಡಿ, ವಾಸಿ ಮಾಡುತ್ತೇವೆ ಎನ್ನುವವರ ಕೈಗೆ ಒಪ್ಪಿಸಬೇಡಿ. ಏನೂ ಅರ್ಥವಾಗದಿದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ನಾಚಿಕೆಯಿಲ್ಲದೆ ಕೇಳಿ. ನಮ್ಮ ಮನೆಯಲ್ಲಿ ಅಂಥವರು ಯಾರೂ ಇಲ್ಲ ಎನ್ನುತ್ತೀರಾ? ಮಾಸ್ಟರೂ ಎಷ್ಟೋ ವರ್ಷ ಹಾಗೆಯೇ ಅಂದುಕೊಂಡು ಜೋಕು ಹೇಳುತ್ತಿದ್ದರು. ಇವತ್ತಿನಿಂದ ಆ ಜೋಕು ನಿಲ್ಲಿಸಿ. ನಿಮ್ಮ ಮಗು ನಿಮ್ಮ ಹತ್ತಿರ ಬಂದು ಮಾತಾಡುವುದೋ ಬೇಡವೋ ಎಂದು ಯೋಚಿಸುತ್ತಾ, ಪಕ್ಕದಲ್ಲೇ ಕೂತು ಅದನ್ನು ಕೇಳಿಸಿಕೊಳ್ಳುತ್ತಿರಬಹುದು.